ಲೀಡ್ಸ್‌ನ ಫ್ರಿಡ್ಜು, ದಾವಣಗೆರೆಯ ಫ್ರಿಡ್ಜು

ಊರಿಗೆ ಹೋಗುವಾಗ ನನ್ನ ಸೂಟ್‌ಕೇಸಿನಲ್ಲಿ ಚಾಕೊಲೇಟಿನ ಜೊತೆಗೆ ಒಂದೆರಡು ಥರ್ಮಾಮೀಟರುಗಳೂ ಇರುತ್ತವೆ. ಜ್ವರ ನೋಡುವಂಥವಲ್ಲ, ಫ್ರಿಡ್ಜಿನೊಳಗೆ ಇಡುವಂಥವು. ಇಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಅಡುಗೆ ಸಾಮಾನಿನ ಅಂಗಡಿಗೆ ಹೋದರೆ ಮೂರು ನಾಲ್ಕು ಪೌಂಡಿಗೆ ಸಿಗುತ್ತವೆ. ‘ಫ್ರಿಡ್ಜಿಗೂ ಜ್ವರ ಬರುತ್ತದೆಯೇನಯ್ಯಾ’ ಎಂದು ಭಾವ ಪ್ರತಿ ಸಲವೂ ಕೇಳುತ್ತಾರೆ. ಬರುತ್ತದೆ. ದಾವಣಗೆರೆಯ ಅವರದೇ ಮನೆಯಲ್ಲಿ, ಏಪ್ರಿಲ್ ಬಿಸಿಲಿನಲ್ಲಿ, ನೀರು ತುಂಬಿದ ಲೋಟದೊಳಗೆ ಥರ್ಮಾಮೀಟರ್ ಮುಳುಗಿಸಿ ನಡುವಿನ ಶೆಲ್ಫಿನಲ್ಲಿ ರಾತ್ರಿಯಿಡೀ ಬಿಟ್ಟಿದ್ದೆ. ಬೆಳಿಗ್ಗೆ 11 ಡಿಗ್ರಿ ತೋರಿಸುತ್ತಿತ್ತು. ಗುಂಡಿ 2ಕ್ಕೆ ತಿರುಗಿತ್ತು. ಸಂಖ್ಯೆ ಕಡಿಮೆಯಾದಷ್ಟೂ ತಂಪು ಹೆಚ್ಚು ಎಂದು ಅಕ್ಕ ವರ್ಷಗಳಿಂದ ನಂಬಿದ್ದಳು. ಆ ಗುಂಡಿಯ ಸಂಖ್ಯೆಗಳು ಡಿಗ್ರಿಗಳಲ್ಲ. ಸಾಮಾನ್ಯವಾಗಿ ಸಂಖ್ಯೆ ಏರಿದಂತೆ ತಂಪೂ ಏರುತ್ತದೆ ಎಂಬುದನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಗುಂಡಿಯ ಪಕ್ಕದಲ್ಲಿ ಒಂದು ಬಾಣದ ಗುರುತು ಹಾಕಲು ತಯಾರಕರಿಗೆ ಏನು ಕಷ್ಟವೋ ಕಾಣೆ.

ಬ್ರಿಟನ್ನಿನ ಫುಡ್ ಸ್ಟ್ಯಾಂಡರ್ಡ್ಸ್ ಏಜೆನ್ಸಿ ಎಂಬ ಸರ್ಕಾರಿ ಸಂಸ್ಥೆ ಹೇಳುವುದು ಮನೆಯ ಫ್ರಿಡ್ಜ್ 5 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿರಲಿ, ಫ್ರೀಜರ್ ಮೈನಸ್ 18ರಲ್ಲಿರಲಿ ಎಂದು. ಇದನ್ನು ಓದಿ ಇಂಗ್ಲಿಷರೆಲ್ಲ ಡಿಗ್ರಿ ನೋಡುತ್ತಾ ಕೂರುತ್ತಾರೆ ಎಂದು ತಿಳಿಯಬೇಡಿ. ನನ್ನ ಸಹೋದ್ಯೋಗಿಗಳಲ್ಲಿ ಥರ್ಮಾಮೀಟರ್ ಇಟ್ಟವರು ಅಪರೂಪ. ಅವರು ನೋಡುವುದು ಪೊಟ್ಟಣದ ಮೇಲಿನ ದಿನಾಂಕವನ್ನು. ನಮ್ಮವರು ನಂಬುವುದು ಮೂಗನ್ನು. ಪದಾರ್ಥ ಕೆಡುತ್ತದೆಯೋ ಇಲ್ಲವೋ ಎಂಬುದನ್ನು ನಿಜವಾಗಿ ನಿರ್ಧರಿಸುವ ಉಷ್ಣತೆಯನ್ನು ಎರಡೂ ಕಡೆಯವರು ಫ್ರಿಡ್ಜಿನ ಪಾಲಿಗೇ ಬಿಟ್ಟುಬಿಟ್ಟಿದ್ದಾರೆ. ಎರಡೂ ದೇಶದ ಅಡುಗೆಮನೆಗಳಲ್ಲಿ ಪಾತ್ರೆ ತೊಳೆದವನಾಗಿ ನನಗಿರುವ ಮುಖ್ಯ ತಕರಾರು ಇದೇ.

ಮೂಗಿನ ಪರವಾಗಿ ನಾನೂ ಬಹಳ ಕಾಲ ವಾದಿಸಿದ್ದೇನೆ. ಹಾಲು ಒಡೆದದ್ದು, ಸಾರು ಹಳಸಿದ್ದು, ಕಾಯಿ ಚಟ್ನಿ ಹುಳಿಬಂದದ್ದು ಮೂಗಿಗೆ ಗೊತ್ತಾಗುತ್ತದೆ. ಆದರೆ ಪದಾರ್ಥವನ್ನು ಕೆಡಿಸುವ ಸೂಕ್ಷ್ಮಜೀವಿಗಳೇ ಬೇರೆ, ಮನುಷ್ಯನನ್ನು ಮಲಗಿಸುವವೇ ಬೇರೆ. ಎರಡನೆಯವು ವಾಸನೆಯಿಲ್ಲದೆ, ರುಚಿ ಕೆಡಿಸದೆ ಕೂತಿರಬಲ್ಲವು. ಲಿಸ್ಟೀರಿಯಾದಂಥ ಬ್ಯಾಕ್ಟೀರಿಯಾ ಫ್ರಿಡ್ಜಿನ ತಂಪಿನಲ್ಲೂ ನಿಧಾನವಾಗಿ ಬೆಳೆಯುತ್ತದೆ. ಗರ್ಭಿಣಿಯರಿಗೆ, ವಯಸ್ಸಾದವರಿಗೆ ಅದು ಅಪಾಯಕಾರಿ. ಫ್ರಿಡ್ಜ್ ಏನನ್ನೂ ಕೊಲ್ಲುವುದಿಲ್ಲ, ತಡಮಾಡುತ್ತದೆ ಅಷ್ಟೆ. 5 ಡಿಗ್ರಿಯಲ್ಲಿ ತಡಮಾಡುವಷ್ಟು 11 ಡಿಗ್ರಿಯಲ್ಲಿ ಮಾಡುವುದಿಲ್ಲ.

ಅನ್ನದ ವಿಷಯಕ್ಕೆ ಬಂದರೆ ನಾನು ಪೂರ್ತಿ ಇಂಗ್ಲಿಷರ ಪಕ್ಷ. ರಾತ್ರಿ ಉಳಿದ ಅನ್ನವನ್ನು ಒಲೆಯ ಪಕ್ಕದಲ್ಲೇ ಮುಚ್ಚಿಟ್ಟು ಬೆಳಿಗ್ಗೆ ಚಿತ್ರಾನ್ನ ಮಾಡುವುದು ನಮ್ಮಲ್ಲಿ ಎಷ್ಟು ಸಹಜವೆಂದರೆ, ಅದರಲ್ಲಿ ತಪ್ಪೇನಿದೆ ಎಂದು ಕೇಳುವವರೇ ಹೆಚ್ಚು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಗದ್ದೆಯ ಮಣ್ಣಿನಿಂದ ಅಕ್ಕಿಯ ಜೊತೆಗೇ ಮನೆಗೆ ಬರುತ್ತದೆ. ಅದರ ಬೀಜಕಣಗಳು ಅನ್ನ ಬೇಯುವ ಬಿಸಿಗೆ ಸಾಯುವುದಿಲ್ಲ. ಬೆಂದ ಅನ್ನ ಗಂಟೆಗಟ್ಟಲೆ ಬೆಚ್ಚಗೆ ಉಳಿದರೆ ಅವು ಮೊಳೆತು, ಹೆಚ್ಚಿ, ವಾಂತಿ ತರಿಸುವ ವಿಷವನ್ನು ಅನ್ನಕ್ಕೆ ಬಿಡುತ್ತವೆ. ಒಮ್ಮೆ ಬಿಟ್ಟ ಆ ವಿಷ ಮರುಬಿಸಿಗೆ ನಾಶವಾಗುವುದಿಲ್ಲ, ಒಗ್ಗರಣೆಯ ಎಣ್ಣೆಗೂ ಬಗ್ಗುವುದಿಲ್ಲ. ಕಾಯಿಲೆಯ ಈ ಬಗೆಯನ್ನು ಗುರುತಿಸಿದ್ದು ಬ್ರಿಟನ್ನಿನಲ್ಲೇ, 1970ರ ದಶಕದ ಆರಂಭದಲ್ಲಿ, ಚೀನೀ ಹೋಟೆಲುಗಳ ಫ್ರೈಡ್ ರೈಸ್ ತಿಂದವರಿಂದ. ಫ್ರಿಡ್ಜಿನಲ್ಲಿಟ್ಟರೆ ಅನ್ನ ಗಂಟುಕಟ್ಟುತ್ತದೆ, ಬಾಣಲೆಯಲ್ಲಿ ಉದುರಾಗುವುದಿಲ್ಲ ಎಂದು ಅಡುಗೆಯವರು ರಾಶಿ ಅನ್ನವನ್ನು ಹೊರಗೇ ಇಡುತ್ತಿದ್ದರು. ಚಿತ್ರಾನ್ನ ಉದುರುದುರಾಗಿ ಬರಲಿ ಎಂದು ನಮ್ಮವರು ಹೇಳುವ ಕಾರಣವೂ ಇದೇ ತಾನೇ? ಇಲ್ಲಿನ ಸಲಹೆ ಬಿಗಿಯಾದದ್ದು: ಬೆಂದ ಅನ್ನವನ್ನು ಗಂಟೆಯೊಳಗೆ ತಣಿಸಿ ಫ್ರಿಡ್ಜಿಗೆ ಸೇರಿಸಿ, 24 ಗಂಟೆಯೊಳಗೆ ತಿಂದು ಮುಗಿಸಿ, ಒಂದಕ್ಕಿಂತ ಹೆಚ್ಚು ಸಲ ಬಿಸಿಮಾಡಬೇಡಿ. ಲೀಡ್ಸ್‌ನ ಚಳಿಗಾಲಕ್ಕೇ ಈ ಮಾತು ಬೇಕಾಗಿದ್ದರೆ, ಬೇಸಿಗೆಯಲ್ಲಿ ರಾತ್ರಿಯೂ 28 ಡಿಗ್ರಿ ಇರುವ ರಾಯಚೂರಿನ ಅಡುಗೆಮನೆಗೆ ಇನ್ನೆಷ್ಟು ಬೇಕು! ಉಳಿದ ಅನ್ನಕ್ಕೆ ಮೊಸರು ಕಲಸಿಡುವ ನಮ್ಮ ರೂಢಿಗೆ, ಹಾಗೇ ಮುಚ್ಚಿಡುವುದಕ್ಕಿಂತ ಹೆಚ್ಚು ಅರ್ಥವಿದೆ. ಹುಳಿ ಇರುವ ಕಡೆ ಆ ಬ್ಯಾಕ್ಟೀರಿಯಾ ಸೊರಗುತ್ತದೆ. ಹಾಗೆಂದು ಅದನ್ನೂ ಬೇಸಿಗೆಯಲ್ಲಿ ಹೊರಗೇ ಬಿಡಿ ಎಂದು ನಾನು ಹೇಳುವುದಿಲ್ಲ.

‘ಬಿಸಿ ಪಾತ್ರೆ ಇಟ್ಟರೆ ಫ್ರಿಡ್ಜ್ ಹಾಳಾಗುತ್ತದೆ’ ಎಂಬ ಮಾತು ನಮ್ಮಲ್ಲಿ ಶಾಸನದಂತೆ ನಡೆಯುತ್ತದೆ. ಕುದಿಯುವ ಹುಳಿಯನ್ನು ಒಳಗಿಟ್ಟರೆ ಸುತ್ತಲಿನ ಪದಾರ್ಥಗಳೂ ಬಿಸಿಯಾಗುತ್ತವೆ ಎಂಬುದು ನಿಜ. ಆದರೆ ‘ತಣಿಯಲಿ’ ಎಂದು ಇಟ್ಟವರು ಮರೆತು ಮಲಗಿಬಿಡುತ್ತಾರೆ. ಇದಕ್ಕೆ ಉಪಾಯ ನಮ್ಮ ಮನೆಗಳಲ್ಲೇ ಇತ್ತು: ಕಾಸಿದ ಹಾಲಿನ ಪಾತ್ರೆಯನ್ನು ಅಗಲವಾದ ತಟ್ಟೆಯ ನೀರಿನಲ್ಲಿ ಕೂರಿಸುವುದು. ಹುಳಿಗೂ ಸಾಗುವಿಗೂ ಅದನ್ನೇ ಮಾಡಿ. ಅನ್ನವನ್ನು ಪರಾತದಲ್ಲಿ ತೆಳ್ಳಗೆ ಹರಡಿ. ಗಂಟೆಯೊಳಗೆ ಆರುತ್ತದೆ.

ಶೆಲ್ಫುಗಳ ಹಂಚಿಕೆಯಲ್ಲಿ ಇಬ್ಬರಿಗೂ ನಿಯಮಗಳಿವೆ, ಮತ್ತು ಅವು ವಿಚಿತ್ರವಾಗಿ ಒಂದನ್ನೊಂದು ಹೋಲುತ್ತವೆ. ಹಸಿ ಮಾಂಸ, ಮೀನು ಮುಚ್ಚಳದ ಡಬ್ಬಿಯಲ್ಲಿ ತೀರಾ ಕೆಳಗೆ, ಹಾಗೆಯೇ ತಿನ್ನುವ ಪದಾರ್ಥಗಳು ಮೇಲೆ ಎಂಬುದು ಇಲ್ಲಿನದು. ಹಸಿ ಮಾಂಸದ ರಸ ತೊಟ್ಟಿಕ್ಕಬಾರದು ಎಂಬುದು ಕಾರಣ. ನಮ್ಮ ಕಡೆ ಅನ್ನ ಸಾರು ಮುಸುರೆ. ಅದನ್ನು ಮುಟ್ಟಿದ ಕೈಯಲ್ಲಿ ಹಾಲು, ಮೊಸರು, ಉಪ್ಪಿನಕಾಯಿ ಮುಟ್ಟಬಾರದು. ಹೀಗಾಗಿ ಮುಸುರೆಗೆಂದೇ ಒಂದು ಶೆಲ್ಫ್ ಬಿಟ್ಟುಕೊಟ್ಟ ಮನೆಗಳನ್ನು ಕಂಡಿದ್ದೇನೆ. ಒಂದರ ಅಂಶ ಇನ್ನೊಂದಕ್ಕೆ ಹತ್ತಬಾರದು ಎಂಬ ಶಿಸ್ತು ಎರಡರಲ್ಲೂ ಇದೆ. ಆದರೆ ಮುಸುರೆಯ ಲೆಕ್ಕ ಅಷ್ಟು ಕಟ್ಟುನಿಟ್ಟಾಗಿರುವ ಮನೆಯಲ್ಲೇ ಬೇರಿನ ಮಣ್ಣು ಸಮೇತ ಕೊತ್ತಂಬರಿ ಕಟ್ಟು ಮೇಲಿನ ಶೆಲ್ಫಿನಲ್ಲಿ, ಮುಚ್ಚದ ಕಾಯಿ ಚಟ್ನಿ ಅದರ ಕೆಳಗೆ ಇರುತ್ತದೆ. ಸಸ್ಯಾಹಾರಿಗಳ ಮನೆಗೆ ಮಾಂಸದ ನಿಯಮ ಬೇಡ ಎನ್ನುವವರು ಆ ಮಣ್ಣನ್ನು ಲೆಕ್ಕಕ್ಕೆ ಹಿಡಿಯಬೇಕು. ಬೇರು ಕತ್ತರಿಸಿ, ಕಾಗದದಲ್ಲಿ ಸುತ್ತಿ, ಕೆಳಗಿನ ತರಕಾರಿ ಡಬ್ಬಿಗೆ ಹಾಕಿದರೆ ಸೊಪ್ಪೂ ಹೆಚ್ಚು ದಿನ ಬಾಳುತ್ತದೆ.

ಇಂಗ್ಲಿಷರನ್ನು ಹೊಗಳಿದ್ದು ಇಷ್ಟು ಸಾಕು. ದಿನಾಂಕದ ಮೇಲಿನ ಅವರ ಭಕ್ತಿ ನನಗೆ ಹೊಟ್ಟೆ ಉರಿಸುತ್ತದೆ. ‘ಯೂಸ್ ಬೈ’ ಎಂದರೆ ಸುರಕ್ಷತೆಯ ಮಾತು, ಮೀರಬಾರದು. ‘ಬೆಸ್ಟ್ ಬಿಫೋರ್’ ಎಂದರೆ ರುಚಿ, ಗರಿತನದ ಮಾತು, ಮೀರಿದರೆ ಆಕಾಶವೇನೂ ಬೀಳುವುದಿಲ್ಲ. ಈ ವ್ಯತ್ಯಾಸ ತಿಳಿಯದೆ ಗಟ್ಟಿ ಮೊಸರಿನಂಥ ಮೊಸರನ್ನು ಕಸಕ್ಕೆ ಎಸೆಯುವವರನ್ನು ಕಂಡು ಮರುಗಿದ್ದೇನೆ. 2022ರ ಜನವರಿಯಲ್ಲಿ ಮಾರಿಸನ್ಸ್ ಎಂಬ ಇಲ್ಲಿನ ದೊಡ್ಡ ಸೂಪರ್‌ಮಾರ್ಕೆಟ್ ತನ್ನ ಹಾಲಿನ ಹೆಚ್ಚಿನ ಬಾಟಲಿಗಳಿಂದ ‘ಯೂಸ್ ಬೈ’ ತೆಗೆದು ‘ಬೆಸ್ಟ್ ಬಿಫೋರ್’ ಹಾಕಿತು; ಮೂಸಿ ನೋಡಿ ತೀರ್ಮಾನಿಸಿ ಎಂದು ಗಿರಾಕಿಗಳಿಗೆ ಹೇಳಿತು. ಪಾಶ್ಚರೀಕರಿಸಿದ ಹಾಲು ಕೆಟ್ಟಾಗ ಹುಳಿಯಾಗಿ ತಾನೇ ಸಾರುತ್ತದೆ. ಅಲ್ಲಿ ಮೂಗಿಗೆ ಕೆಲಸವಿದೆ. ಅಂದು ಕಚೇರಿಯಲ್ಲಿ ನಾನು ಸ್ವಲ್ಪ ಎದೆಯುಬ್ಬಿಸಿಕೊಂಡೇ ಓಡಾಡಿದೆ. ಇನ್ನೊಂದು ಸಂಗತಿ: ಎರಡೂ ದೇಶಗಳ ಫ್ರಿಡ್ಜುಗಳು ಹಾಲಿಗೆ ಜಾಗ ಕೊಡುವುದು ಬಾಗಿಲಿನಲ್ಲಿ, ಅಂದರೆ ತೆರೆದಾಗಲೆಲ್ಲ ಹೊರಗಿನ ಗಾಳಿಗೆ ಮೊದಲು ಸಿಕ್ಕುವ, ಒಳಗೆಲ್ಲ ಅತಿ ಬೆಚ್ಚಗಿನ ಸ್ಥಳದಲ್ಲಿ. ಅಲ್ಲಿ ಉಪ್ಪಿನಕಾಯಿ, ಸಾಸ್ ಇಡಿ. ನಂದಿನಿ ಪೊಟ್ಟಣ ಒಳಗೆ, ಹಿಂದಕ್ಕೆ ಇರಲಿ.

ಚಳಿಯ ದೇಶದಲ್ಲಿ ಫ್ರಿಡ್ಜಿಗೆ ಬರುವ ತೊಂದರೆಯನ್ನು ಊರಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಇಲ್ಲಿ ಹಲವರು ಎರಡನೆಯ ಫ್ರಿಡ್ಜನ್ನು ಗ್ಯಾರೇಜಿನಲ್ಲಿ ಇಡುತ್ತಾರೆ. ಜನವರಿಯಲ್ಲಿ ಗ್ಯಾರೇಜ್ 3 ಡಿಗ್ರಿಗೆ ಇಳಿದಾಗ ಫ್ರೀಜರಿನೊಳಗಿನ ಐಸ್‌ಕ್ರೀಮ್ ಕರಗುತ್ತದೆ! ಉಷ್ಣತೆ ನೋಡಿ ಕಂಪ್ರೆಸರನ್ನು ಓಡಿಸುವ ಥರ್ಮೋಸ್ಟಾಟ್ ಎರಡೂ ಭಾಗಗಳಿಗೆ ಒಂದೇ ಇರುವ ಫ್ರಿಡ್ಜುಗಳಲ್ಲಿ ಅದು ಕೂತಿರುವುದು ಫ್ರೀಜರಿನಲ್ಲಲ್ಲ, ಫ್ರಿಡ್ಜ್ ಭಾಗದಲ್ಲಿ. ಅಲ್ಲಿ ಮೊದಲೇ ತಂಪಾಗಿರುವುದರಿಂದ ಕಂಪ್ರೆಸರ್ ಓಡುವುದೇ ಇಲ್ಲ, ಫ್ರೀಜರ್ ಅನಾಥವಾಗುತ್ತದೆ. ಒಳಗೋಡೆಯ ಚೀಟಿಯಲ್ಲಿ ಹವಾಮಾನ ವರ್ಗದ ಅಕ್ಷರಗಳಿರುತ್ತವೆ: ‘ಎನ್’ ಎಂದರೆ ಸುತ್ತಲಿನ ಗಾಳಿ 16ರಿಂದ 32 ಡಿಗ್ರಿ ಇರಬೇಕು, ‘ಟಿ’ ಎಂದರೆ 16ರಿಂದ 43. ವಾಪಸು ಬರುವಾಗ ಇಲ್ಲಿನ ಫ್ರಿಡ್ಜನ್ನು ಹಡಗಿನಲ್ಲಿ ಹೇರಿಕೊಂಡು ಬರಲು ಯೋಚಿಸುವ ಹೊರನಾಡಿಗರು ಈ ಅಕ್ಷರ ನೋಡಲಿ. ಬಳ್ಳಾರಿಯ ಮೇ ತಿಂಗಳಿಗೆ ‘ಎನ್’ ವರ್ಗದ್ದು ತಾಳುವುದಿಲ್ಲ.

ಕರೆಂಟು ಹೋದಾಗ ಮಾತ್ರ ನಮ್ಮವರೇ ಗಟ್ಟಿಗರು. 2021ರ ನವೆಂಬರಿನಲ್ಲಿ ಆರ್ವೆನ್ ಬಿರುಗಾಳಿ ಬೀಸಿ ಉತ್ತರ ಇಂಗ್ಲೆಂಡಿನ ಕೆಲವು ಊರುಗಳಲ್ಲಿ ದಿನಗಟ್ಟಲೆ ವಿದ್ಯುತ್ ಇರಲಿಲ್ಲ. ಬಾಗಿಲು ತೆರೆಯದಿದ್ದರೆ ಫ್ರಿಡ್ಜ್ ಸುಮಾರು 4 ಗಂಟೆ, ತುಂಬಿದ ಫ್ರೀಜರ್ ಎರಡು ದಿನದವರೆಗೆ ತಂಪು ಹಿಡಿದಿರುತ್ತದೆ ಎಂಬುದನ್ನು ಇಲ್ಲಿನವರು ಆಗ ರೇಡಿಯೊ ಕೇಳಿ ಕಲಿಯಬೇಕಾಯಿತು. ಮಳೆಗಾಲದ ತೀರ್ಥಹಳ್ಳಿಯಲ್ಲಿ ಬೆಳೆದ ಯಾವ ಮಗುವನ್ನು ಕೇಳಿದ್ದರೂ ಹೇಳುತ್ತಿತ್ತು.

ನಮ್ಮವರ ಕೈಯಲ್ಲಿ ನನಗೆ ಭಯ ಹುಟ್ಟಿಸುವುದು ಚಾಕು. ಒಂದೇ ಬಾಗಿಲಿನ ಫ್ರಿಡ್ಜಿನ ಮೇಲಿನ ಖಾನೆಯಲ್ಲಿ ಮಂಜು ಬೆಳೆದು ಹಾಲಿನ ಪೊಟ್ಟಣ ಅಂಟಿಕೊಂಡರೆ, ಡಿಫ್ರಾಸ್ಟ್ ಗುಂಡಿ ಒತ್ತಿ ಕಾಯುವ ತಾಳ್ಮೆ ಇಲ್ಲದೆ ಚಾಕುವಿನಿಂದ ಮೀಟುತ್ತಾರೆ. ಆ ಖಾನೆಯ ತೆಳು ಅಲ್ಯುಮಿನಿಯಂ ಗೋಡೆಯೊಳಗೇ ತಂಪು ಮಾಡುವ ಅನಿಲದ ನಾಳವಿದೆ. ಈಗಿನ ಹೆಚ್ಚಿನ ಮನೆ ಫ್ರಿಡ್ಜುಗಳಲ್ಲಿರುವುದು ಐಸೋಬ್ಯುಟೇನ್, ಅಡುಗೆ ಅನಿಲದ ಸಮೀಪ ಬಂಧು. ಓಜೋನ್ ಪದರಕ್ಕೆ ಹಾನಿ ಮಾಡುವುದಿಲ್ಲ ಎಂಬ ಒಳ್ಳೆಯ ಗುಣದ ಜೊತೆಗೆ ಬೆಂಕಿ ಹಿಡಿಯುವ ಗುಣವೂ ಅದಕ್ಕಿದೆ. ಸಿಲಿಂಡರಿನ 14.2 ಕಿಲೋ ಎಲ್ಲಿ, ಇದರ 150 ಗ್ರಾಮಿಗೂ ಕಡಿಮೆ ಎಲ್ಲಿ ಎನ್ನಬಹುದು. ಆದರೂ ಮುಚ್ಚಿದ ಸಣ್ಣ ಅಡುಗೆಮನೆಯಲ್ಲಿ ಬುಸ್ ಎಂದು ಸದ್ದು ಬಂದರೆ ಒಲೆ ಆರಿಸಿ, ಕಿಟಕಿ ತೆರೆದು, ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಬನ್ನಿ. ಮಂಜು ಕರಗಿಸಲು ಫ್ರಿಡ್ಜ್ ಆರಿಸಿ, ಒಂದು ಪಾತ್ರೆ ಬಿಸಿನೀರು ಒಳಗಿಟ್ಟರೆ ಸಾಕು.

ಫ್ರಿಡ್ಜಿಗೆ ಬೆಂಕಿ ಬೀಳುವುದು ಅಪರೂಪ, ಆದರೆ ಇಲ್ಲಿ ಯಾರೂ ಅದನ್ನು ಹಗುರವಾಗಿ ಆಡುವುದಿಲ್ಲ. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ 72 ಜನರನ್ನು ಬಲಿತೆಗೆದುಕೊಂಡ ಬೆಂಕಿ ಮೊದಲು ಹೊತ್ತಿದ್ದು ನಾಲ್ಕನೆಯ ಮಹಡಿಯ ಒಂದು ಫ್ರಿಡ್ಜ್-ಫ್ರೀಜರಿನಲ್ಲಿ. ಹಾಗೆ ಹಬ್ಬಲು ಕಟ್ಟಡದ ಹೊರಹೊದಿಕೆ ಕಾರಣ ಎಂಬುದು ಬೇರೆ ಮಾತು. ನಾನು ಮಾಡುವುದಿಷ್ಟು: ಎಕ್ಸ್‌ಟೆನ್ಶನ್ ಬೋರ್ಡಿಗೆ ಫ್ರಿಡ್ಜ್ ಸಿಕ್ಕಿಸುವುದಿಲ್ಲ, ಹಿಂದೆ ಗಾಳಿಯಾಡಲು ಒಂದು ಗೇಣು ಬಿಡುತ್ತೇನೆ, ಆಗಾಗ ಹಿಂಬದಿಯ ಧೂಳು ಹೊಡೆಯುತ್ತೇನೆ.

ಹಿಂಬದಿ ಎಂದಾಗ ನೆನಪಾಯಿತು: ಅಲ್ಲಿ ಕಂಪ್ರೆಸರಿನ ಮೇಲೆ ಕರಗಿದ ನೀರು ಬೀಳುವ ಒಂದು ತಟ್ಟೆ ಇರುತ್ತದೆ. ಲೀಡ್ಸ್‌ನ ನೆರೆಯವರಿಗೆ ಅದಿರುವುದೇ ಗೊತ್ತಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಕಡಿಮೆ. ಕರ್ನಾಟಕದಲ್ಲಿ ಆ ತಟ್ಟೆ ಡೆಂಗಿ ಹರಡುವ ಈಡಿಸ್ ಸೊಳ್ಳೆಯ ತೊಟ್ಟಿಲು. ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಆರೋಗ್ಯ ಕಾರ್ಯಕರ್ತೆಯರು ಮನೆಗೆ ಬಂದಾಗ ಹೂಕುಂಡ, ಡ್ರಮ್ಮು ತೋರಿಸುವವರು ಫ್ರಿಡ್ಜ್ ಸರಿಸುವುದೇ ಇಲ್ಲ. ವಾರಕ್ಕೊಮ್ಮೆ ಅದನ್ನು ಒರೆಸಿ ಒಣಗಿಸಬೇಕು.

ಕೊನೆಗೆ, ನಾವೆಲ್ಲ ಸಹಜವೆಂದು ಒಪ್ಪಿಕೊಂಡಿರುವ ಒಂದು ಮಾತು: ‘ಬರಿಗಾಲಲ್ಲಿ ಮುಟ್ಟಬೇಡ, ಜುಮ್ಮೆನ್ನುತ್ತದೆ, ಚಪ್ಪಲಿ ಹಾಕಿಕೊಂಡು ತೆಗೆ.’ ಊರಿನ ಎಷ್ಟೋ ಮನೆಗಳಲ್ಲಿ ಫ್ರಿಡ್ಜಿನ ಮುಂದೆ ರಬ್ಬರ್ ಚಪ್ಪಲಿ ಇರುವುದು ಇದಕ್ಕೆ. ಬ್ರಿಟನ್ನಿನ ಸಾಕೆಟ್ಟುಗಳಲ್ಲಿ ಸೋರಿದ ವಿದ್ಯುತ್ತನ್ನು ನೆಲಕ್ಕೆ ಇಳಿಸುವ ಅರ್ಥಿಂಗ್ ಇರಲೇಬೇಕು, ಪ್ಲಗ್ಗಿನೊಳಗೇ ಫ್ಯೂಸ್ ಇರುತ್ತದೆ, ಈಚಿನ ಮನೆಗಳಲ್ಲಿ 30 ಮಿಲಿಆಂಪ್ ವಿದ್ಯುತ್ ಸೋರಿದರೆ ತಾನೇ ಬಿದ್ದು ಕರೆಂಟು ಕಡಿಯುವ ಸ್ವಿಚ್ಚೂ ಇರುತ್ತದೆ. ನಮ್ಮ ಚಪ್ಪಲಿಯ ಮಾತು ಹೇಳಿದಾಗ ಇಲ್ಲಿನ ಎಲೆಕ್ಟ್ರೀಷಿಯನ್ ಒಬ್ಬ ನನ್ನನ್ನು ಹುಚ್ಚನೆಂಬಂತೆ ನೋಡಿದ. ಅವನ ದೃಷ್ಟಿ ಸರಿ. ಜುಮ್ಮೆನ್ನುವ ಫ್ರಿಡ್ಜಿನಲ್ಲಿ ವಿದ್ಯುತ್ ಹೊರಮೈಗೆ ಸೋರುತ್ತಿದೆ, ಅದು ಹರಿದುಹೋಗಬೇಕಾದ ಅರ್ಥಿಂಗ್ ಎಲ್ಲೋ ಕಡಿದಿದೆ. ನೆಲ ಒದ್ದೆಯಿರುವ ದಿನ, ಮಗುವಿನ ಕೈ ತಾಗಿದರೆ, ಅದು ಜುಮ್ಮೆನ್ನುವಲ್ಲಿಗೆ ನಿಲ್ಲುವುದಿಲ್ಲ. ಸ್ಟೆಬಿಲೈಸರ್ ಇದೆಯಲ್ಲ ಎನ್ನಬೇಡಿ, ಅದು ವೋಲ್ಟೇಜನ್ನು ನೋಡಿಕೊಳ್ಳುತ್ತದೆ, ನಿಮ್ಮನ್ನಲ್ಲ. ಎಲೆಕ್ಟ್ರೀಷಿಯನ್ನನ್ನು ಕರೆಸಿ ಅರ್ಥಿಂಗ್ ಪರೀಕ್ಷಿಸಿ, ಸೋರಿಕೆಗೆ ಬೀಳುವ ಸ್ವಿಚ್ ಹಾಕಿಸಿ, ಫ್ರಿಡ್ಜಿನ ಒಳತಂತಿಯನ್ನೂ ನೋಡಿಸಿ. ಅದಾಗುವವರೆಗೆ ಮೊದಲು ಗೋಡೆಯ ಸ್ವಿಚ್ ಆರಿಸಿ ಪ್ಲಗ್ ಕಿತ್ತಿಡಿ. ಹಾಲು ಮೊಸರು ಪಕ್ಕದ ಮನೆಯವರ ಫ್ರಿಡ್ಜಿನಲ್ಲಿರಲಿ.