ಸ್ಲೈಡ್ ಮುಚ್ಚಿ, ಟಿಪ್ಪಣಿ ತೋರಿಸಿ

ಆನ್‌ಲೈನ್ ಸಭೆಗಳಲ್ಲಿ ಎಲ್ಲರಿಗೂ ತೋರಿಸಲೆಂದು ಮಾಡಿದ ಸ್ಲೈಡನ್ನು ಯಾರೂ ನೋಡುವುದಿಲ್ಲ. ಮಾತನಾಡುವವರ ಹೊರತು ಯಾರಿಗೂ ಕಾಣಬಾರದೆಂದು ಬರೆದ ಟಿಪ್ಪಣಿಯನ್ನು ಎಲ್ಲರೂ ಕೇಳಿಸಿಕೊಳ್ಳಬೇಕಾಗುತ್ತದೆ. ಸಾಹೇಬರು ಓದುತ್ತಿದ್ದಾರೆ ಎಂಬುದು ಸಭೆಗೆ ಗೊತ್ತು. ಸಭೆಗೆ ಗೊತ್ತಿದೆ ಎಂಬುದು ಸಾಹೇಬರಿಗೂ ಗೊತ್ತು. ಆದರೂ ಪ್ರತಿ ವಾಕ್ಯದ ಕೊನೆಗೆ ತಲೆಯೆತ್ತಿ, ಈ ಆಲೋಚನೆ ಇದೀಗ ಹೊಳೆಯಿತು ಎಂಬ ಮುಖಭಾವದಲ್ಲಿ ಕ್ಯಾಮೆರಾ ನೋಡುವ ಶಿಷ್ಟಾಚಾರವನ್ನು ಯಾರೂ ಬಿಟ್ಟುಕೊಟ್ಟಿಲ್ಲ.

ಮಾನ ಕಳೆಯುವುದು ಕಣ್ಣು. ಟಿವಿಯವರು ಓದಬೇಕಾದ ಮಾತು ಮೂಡುವ ಟೆಲಿಪ್ರಾಂಪ್ಟರಿನ ಗಾಜನ್ನು ಕ್ಯಾಮೆರಾದ ಮುಂದೆಯೇ ನಿಲ್ಲಿಸುತ್ತಾರೆ. ಹಾಗಾಗಿ ವಾರ್ತೆ ಓದುವವರು ನಮ್ಮನ್ನೇ ನೋಡುತ್ತಿರುವಂತೆ ಕಾಣುತ್ತದೆ. ಲ್ಯಾಪ್‌ಟಾಪಿನಲ್ಲಿ ಕ್ಯಾಮೆರಾ ನೆತ್ತಿಯ ಮೇಲೆ, ಟಿಪ್ಪಣಿ ಅದರ ಕೆಳಗೆಲ್ಲೋ. ‘ನಮ್ಮ ಇಲಾಖೆಯ ಕನಸು’ ಎಂದು ಹೇಳುತ್ತಿರುವವರ ಕಣ್ಣು ಮೊರದ ಅಕ್ಕಿಯಲ್ಲಿ ಕಲ್ಲು ಆರಿಸುವವರ ಹಾಗೆ ಎಡದಿಂದ ಬಲಕ್ಕೆ, ಮತ್ತೆ ಎಡದಿಂದ ಬಲಕ್ಕೆ ಹರಿಯುತ್ತಿರುತ್ತದೆ.

ಟಿಪ್ಪಣಿಯೇನೂ ಹೊಸದಲ್ಲ. 1987ರಲ್ಲಿ ಮೆಕಿಂಟಾಷ್ ಕಂಪ್ಯೂಟರಿಗೆಂದು ಪವರ್‌ಪಾಯಿಂಟ್ ಬಂದಾಗಲೇ ಭಾಷಣಕಾರರ ಟಿಪ್ಪಣಿಗೆ ಜಾಗವಿತ್ತು. ಅದನ್ನು ಅಚ್ಚು ಹಾಕಿ ಕೈಯಲ್ಲಿ ಹಿಡಿದುಕೊಳ್ಳಬೇಕಿತ್ತು. ಓದುತ್ತಿರುವುದು ಬಹಿರಂಗ, ಆದ್ದರಿಂದ ನಾಚಿಕೆಯೂ ಇರಲಿಲ್ಲ. ಗುಟ್ಟು ಶುರುವಾದದ್ದು ‘ಪ್ರೆಸೆಂಟರ್ ವ್ಯೂ’ ಬಂದ ಮೇಲೆ. ಸಭೆಗೆ ಬರೀ ಸ್ಲೈಡ್. ಮಾತನಾಡುವವರಿಗೆ ಮಾತ್ರ ಮುಂದಿನ ಸ್ಲೈಡ್, ಓಡುವ ಗಡಿಯಾರ ಮತ್ತು ಯಾರೋ ಬರೆದುಕೊಟ್ಟ ಮಾತು.

ಯಾರೋ ಎಂದರೆ ಯಾರು? ವಿಷಯ ನಿರ್ವಾಹಕರು ಬರೆಯುತ್ತಾರೆ, ಅಧೀಕ್ಷಕರು ಕಾಗುಣಿತ ತಿದ್ದುತ್ತಾರೆ, ಉಪನಿರ್ದೇಶಕರು ‘ದೂರದೃಷ್ಟಿ’ ಸೇರಿಸುತ್ತಾರೆ, ಸಾಹೇಬರು ಓದುತ್ತಾರೆ. ವಿಷಯ ಗೊತ್ತಿರುವ ಏಕೈಕ ವ್ಯಕ್ತಿಯಾದ ವಿಷಯ ನಿರ್ವಾಹಕರು ಅದೇ ಸಭೆಯಲ್ಲಿ, ಮ್ಯೂಟ್ ಆಗಿ, ತಮ್ಮದೇ ವಾಕ್ಯಗಳಿಗೆ ತಲೆದೂಗುತ್ತಿರುತ್ತಾರೆ.

ಈ ಏರ್ಪಾಡೆಲ್ಲ ಪರದೆ ಹಂಚುವ ಒಂದು ಗುಂಡಿಯ ಮೇಲೆ ನಿಂತಿದೆ. ಸ್ಲೈಡಿನ ವಿಂಡೋ ಮಾತ್ರ ಹಂಚಿಕೊಳ್ಳಬೇಕಾದವರು ಪೂರ್ತಿ ಪರದೆ ಹಂಚಿಕೊಂಡರೆಂದು ಇಟ್ಟುಕೊಳ್ಳಿ. ಎಡಗಡೆ ಸ್ಲೈಡ್: ‘ಕುಡಿಯುವ ನೀರು: ಗುರಿಯತ್ತ ದೃಢ ಹೆಜ್ಜೆ’. ಬಲಗಡೆ ಟಿಪ್ಪಣಿ: ‘ಈ ಅಂಕಿ ಕಳೆದ ತ್ರೈಮಾಸಿಕದ್ದು. ಯಾರೂ ಕೇಳದಿದ್ದರೆ ಹೇಳುವುದು ಬೇಡ. ಕೇಳಿದರೆ ನೀತಿ ಸಂಹಿತೆ ಅಡ್ಡ ಬಂತು ಎನ್ನಿ.’ ಅದರ ಕೆಳಗೆ: ‘ಇಲ್ಲಿ ನಗರಸಭೆ ಆಯುಕ್ತರನ್ನು ಹೊಗಳಿ. ಮುಂದಿನ ಸ್ಲೈಡಿನಲ್ಲಿ ತಪ್ಪು ಅವರ ಮೇಲೆ ಹಾಕುವುದಿದೆ.’

ಆಗ ನೋಡಬೇಕು ಸಭೆಯ ಕಳೆ. ಅಡುಗೆಮನೆಗೆ ಹೋದವರು ಓಡಿ ಬರುತ್ತಾರೆ. ಆರಿದ ಕ್ಯಾಮೆರಾಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತವೆ. ‘ಸರ್, ನಿಮ್ಮ ನೋಟ್ಸ್ ಕಾಣುತ್ತಿದೆ’ ಎಂದು ಹೇಳುವವರು ಮಾತ್ರ ಒಬ್ಬರೂ ಇಲ್ಲ. ಅರ್ಧ ಜನರಿಗೆ ಸಾಹೇಬರ ಭಯ, ಉಳಿದರ್ಧಕ್ಕೆ ಮುಂದಿನ ಸ್ಲೈಡಿನ ಕುತೂಹಲ. ಎಳೆಯ ಎಂಜಿನಿಯರ್ ಒಬ್ಬ ಧೈರ್ಯ ಮಾಡಿ ಚಾಟಿನಲ್ಲಿ ಬರೆದಾನು. ಪರದೆಯ ತುಂಬ ಟಿಪ್ಪಣಿ ಇರುವವರಿಗೆ ಚಾಟ್ ಎಲ್ಲಿಂದ ಕಾಣಬೇಕು? ಅವರು ‘ಇಲ್ಲಿ ಕಿರುನಗೆ’ ಎಂಬಲ್ಲಿಗೆ ಬಂದಿರುತ್ತಾರೆ. ನಗುವುದಿಲ್ಲ, ಓದುತ್ತಾರೆ. ಈಗ ಟಿಪ್ಪಣಿ ಬರೆಯುವ ಕೆಲಸ ಕೃತಕ ಬುದ್ಧಿಮತ್ತೆಗೂ ಹೋಗಿರುವುದರಿಂದ ‘ನಿಮ್ಮ ಬಾಲ್ಯದ ಪ್ರಸಂಗವೊಂದನ್ನು ಇಲ್ಲಿ ಸೇರಿಸಿ’ ಎಂಬ ಸಾಲನ್ನೂ ಅಷ್ಟೇ ಗಾಂಭೀರ್ಯದಿಂದ ಕೇಳುವ ಭಾಗ್ಯ ನಮ್ಮದು.

ದೊಡ್ಡವರ ಗುಟ್ಟೂ ಹೀಗೆಯೇ ರಟ್ಟಾಗಿದೆ. 2018ರ ಫೆಬ್ರುವರಿಯಲ್ಲಿ ಶಾಲೆಯ ಗುಂಡಿನ ದಾಳಿಯಲ್ಲಿ ಬದುಕುಳಿದವರ ಮಾತು ಕೇಳಲು ಕುಳಿತ ಟ್ರಂಪ್ ಅವರ ಕೈಚೀಟಿಯ ಕೊನೆಯ ಸಾಲು ‘ನಿಮ್ಮ ಮಾತು ನನಗೆ ಕೇಳಿಸುತ್ತಿದೆ’. ಕ್ಯಾಮೆರಾಗಳು ಅದನ್ನೇ ಹಿಡಿದವು. 2022ರ ಜೂನ್‌ನಲ್ಲಿ ಬೈಡನ್ ಅವರ ಚೀಟಿ, ನೀವು ನಿಮ್ಮ ಕುರ್ಚಿಯಲ್ಲಿ ಕುಳಿತುಕೊಳ್ಳಿ ಎಂದು ದಪ್ಪ ಅಕ್ಷರದಲ್ಲಿ ಅಪ್ಪಣೆ ಕೊಟ್ಟಿತ್ತು. ನಾವೂ ಹಿಂದೆ ಬಿದ್ದವರಲ್ಲ. ನಮ್ಮ ಮಾಜಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ವಿದೇಶಾಂಗ ಸಚಿವರಾಗಿದ್ದಾಗ, 2011ರ ಫೆಬ್ರುವರಿಯಲ್ಲಿ, ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಎದುರಿಗಿದ್ದ ಕಾಗದಗಳಿಂದ ಪೋರ್ಚುಗಲ್ ಸಚಿವರ ಭಾಷಣ ಎತ್ತಿಕೊಂಡು ಓದತೊಡಗಿದರು. ಪೋರ್ಚುಗೀಸ್ ಮಾತನಾಡುವ ಎರಡು ದೇಶಗಳು ಮಂಡಳಿಯಲ್ಲಿ ಒಟ್ಟಿಗಿರುವುದಕ್ಕೆ ಸಂತೋಷವನ್ನೂ ವ್ಯಕ್ತಪಡಿಸಿದರು. ಭಾರತದ ರಾಯಭಾರಿ ತಡೆಯುವಷ್ಟರಲ್ಲಿ ಕೆಲವು ನಿಮಿಷ ಕಳೆದಿತ್ತು. ಎಲ್ಲರೂ ಕೃಷ್ಣ ಅವರನ್ನು ನೋಡಿ ನಕ್ಕರು. ನನಗೆ ಅನುಮಾನ ಬರುವುದು ಭಾಷಣಗಳ ಮೇಲೆ: ಅಷ್ಟು ಹೊತ್ತು ಅದು ಭಾರತಕ್ಕೂ ಸರಿಯಾಗಿಯೇ ಹೊಂದಿಕೊಂಡಿತ್ತಲ್ಲ!

ನಮ್ಮ ಕರಾವಳಿ, ಮಲೆನಾಡಿನ ತಾಳಮದ್ದಳೆಗೆ ಇಂಥವರನ್ನು ಕರೆದೊಯ್ಯಬೇಕು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿ ಕುಳಿತಲ್ಲೇ ಮಾತು ಕಟ್ಟುತ್ತಾರೆ. ಪದ್ಯ ಕೆಲವೇ ಸಾಲು, ಅರ್ಥ ಅರ್ಧ ಗಂಟೆಗೂ ಬೆಳೆದೀತು. ಎದುರಾಳಿ ಯಾವ ಕೊಂಕು ತೆಗೆಯುತ್ತಾರೋ ಬಲ್ಲವರಿಲ್ಲ. ಮರದ ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ, ಇದೆಂಥ ಧರ್ಮ ಎಂದು ವಾಲಿ ಕೇಳಿದಾಗ ರಾಮ ‘ಮುಂದಿನ ಸ್ಲೈಡ್, ದಯವಿಟ್ಟು’ ಎನ್ನುವಂತಿಲ್ಲ.

ಅಷ್ಟು ಕಷ್ಟವನ್ನು ನಾನು ಯಾವ ಇಲಾಖೆಗೂ ಬಯಸುವುದಿಲ್ಲ. ನನ್ನ ಸಲಹೆ ಸುಲಭದ್ದು: ಸ್ಲೈಡನ್ನು ಗುಟ್ಟಾಗಿಡಿ, ಟಿಪ್ಪಣಿಯನ್ನು ಹಂಚಿಕೊಳ್ಳಿ. ಹಳೆಯ ಅಂಕಿ ಹಳೆಯದೆಂದೇ ಕಾಣುತ್ತದೆ, ಹೊಗಳಿಕೆಯ ಕಾರಣವೂ ಕಾಣುತ್ತದೆ, ಎಲ್ಲರೂ ಓದಿಕೊಂಡು ಹತ್ತು ನಿಮಿಷಕ್ಕೆ ಏಳಬಹುದು. ಪರಿಚಯದ ಅಧಿಕಾರಿಯೊಬ್ಬರಿಗೆ ಇದನ್ನು ಹೇಳಿದೆ. ಅವರು ಗಂಭೀರವಾಗಿ ಯೋಚಿಸಿ, ‘ಮಾಡಬಹುದು ಸ್ವಾಮಿ. ಆದರೆ ತೋರಿಸುವ ಟಿಪ್ಪಣಿಯಲ್ಲಿ ಏನನ್ನು ಬರೆಯಬಾರದು ಅಂತ ಬೇರೆ ಒಂದು ಟಿಪ್ಪಣಿ ಮಾಡಿಸಬೇಕಾಗುತ್ತದೆ’ ಎಂದರು. ಸುತ್ತೋಲೆಯ ಕರಡನ್ನು ಆಗಲೇ ವಿಷಯ ನಿರ್ವಾಹಕರಿಗೆ ಕೊಟ್ಟಿದ್ದಾರಂತೆ.