ಹಿಪ್ಪುನೇರಳೆ ನೇರಳೆಯ ತಳಿಯಲ್ಲ: ಒಂದು ಸ್ಪಷ್ಟನೆ

‘ಹಿಪ್ಪುನೇರಳೆ ಅಂದರೆ ನೇರಳೆಯ ಸಣ್ಣ ತಳಿ, ರೇಷ್ಮೆ ಹುಳಕ್ಕೆ ಎರಡರ ಸೊಪ್ಪೂ ಆಗುತ್ತದೆ’ ಎಂಬ ಸಂದೇಶ ವಾಟ್ಸ್ಯಾಪ್‌ನಲ್ಲಿ ಓಡಾಡುತ್ತಿದೆ. ಕಳೆದ ವಾರ ನಾನೂ ಅದನ್ನು ಸುಮ್ನೆ ನಾಲ್ಕು ಗುಂಪುಗಳಿಗೆ ಕಳಿಸಿದ್ದೆ. ಅದು ತಪ್ಪು.

ಹೆಸರಿನಲ್ಲಿ ನೇರಳೆ ಇದೆ, ಬಣ್ಣವೂ ಹತ್ತಿರ. ನಂಟು ಅಲ್ಲಿಗೇ ಮುಗಿಯಿತು. ನೇರಳೆ ಮರ ಸೀಬೆ, ಲವಂಗ, ನೀಲಗಿರಿಗಳ ಕುಟುಂಬದ್ದು. ಹಿಪ್ಪುನೇರಳೆ ಹಲಸು, ಅತ್ತಿ, ಆಲದ ಕುಟುಂಬದ್ದು. ಬೇಕಿದ್ದರೆ ಎಲೆ ಕಿತ್ತು ನೋಡಿ. ಹಿಪ್ಪುನೇರಳೆಯ ಎಳೆ ಎಲೆ ಮುರಿದರೆ ಹಲಸಿನ ಹಾಗೆ ಹಾಲು ಒಸರುತ್ತದೆ, ಅಂಚು ಗರಗಸದಂತಿರುತ್ತದೆ. ನೇರಳೆ ಎಲೆಯ ಅಂಚು ನುಣುಪು. ಹೊಸಕಿದರೆ ಘಮ ಬರುತ್ತದೆ, ಹಾಲು ಬರುವುದಿಲ್ಲ. ಹಣ್ಣಿನ ಕಥೆ ಇನ್ನೂ ಮಜಾ. ನೇರಳೆ ಹಣ್ಣು ಒಂದೇ ಹೂವಿನಿಂದ ಆದದ್ದು. ಹಿಪ್ಪುನೇರಳೆಯದು ಪುಟ್ಟ ಪುಟ್ಟ ಹೂಗಳೆಲ್ಲ ಸೇರಿ ಆದ ಗೊಂಚಲು. ಹಲಸಿನಲ್ಲಿ ಒಂದೊಂದು ತೊಳೆಯೂ ಒಂದೊಂದು ಹೂವಿನದು, ಅಲ್ವಾ? ಇಲ್ಲೂ ಅದೇ ಲೆಕ್ಕ.

ಪನ್ನೇರಳೆ ಮಾತ್ರ ನಿಜಕ್ಕೂ ನೇರಳೆಯ ದಾಯಾದಿ.

ಇನ್ನು ಹುಳದ ಮಾತು. ರಾಮನಗರ, ಶಿಡ್ಲಘಟ್ಟದ ಮಾರುಕಟ್ಟೆಗೆ ಬರುವ ಗೂಡು ಕಟ್ಟುವ ಹುಳಕ್ಕೆ ರೈತರು ಹಾಕುವುದು ಹಿಪ್ಪುನೇರಳೆ ಸೊಪ್ಪು. ನೇರಳೆ ಸೊಪ್ಪು ಹಾಕಿದರೆ ಅದಕ್ಕೆ ಉಪವಾಸವೇ ಗತಿ. ಅದರ ವೈಜ್ಞಾನಿಕ ಹೆಸರೇ ಬಾಂಬಿಕ್ಸ್ ಮೋರಿ. ಲ್ಯಾಟಿನ್‌ನಲ್ಲಿ ‘ಮೋರಿ’ ಅಂದರೆ ಹಿಪ್ಪುನೇರಳೆಯ ಎಂದು. ನಮ್ಮ ಬೀದಿಯ ಮೋರಿ ಅಲ್ಲ!

ಆ ಸಂದೇಶ ನಿಮ್ಮಲ್ಲಿದ್ದರೆ ದಯವಿಟ್ಟು ಮುಂದೆ ಕಳಿಸಬೇಡಿ. ನಾನು ಕಳಿಸಿದ್ದನ್ನು ಅಳಿಸಿದ್ದೇನೆ.