ಋತುವಿಗೆ ಬೇರೆ ಕೆಲಸ ಇಲ್ವಾ?

ಬೆಳಗ್ಗೆ ಎದ್ದ ತಕ್ಷಣ ಫೋನ್ ನೋಡಿದ್ದೇ ತಪ್ಪಾಯಿತು. ಯಾರೋ ವಿಡಿಯೋ ಹಾಕಿದ್ದಾರೆ, 'ಋತು ಬದಲಾಗಿದೆ, ನಿಮ್ಮ ಕಲೆಗೂ ಹೊಸ ಜೀವ ತುಂಬಿ' ಅಂತ. ಹಿಂದೆ ಮೆಲ್ಲಗೆ ಪಿಯಾನೋ. ಮುಂದೆ ಪ್ಲಾಸ್ಟಿಕ್ ಕೂಡ ಬಿಚ್ಚದ ಬಣ್ಣದ ಡಬ್ಬಿ, ಹೊಗೆಯಾಡುವ ಮಗ್ಗು, ಒಂದು ಕಿತ್ತಳೆ ಬಣ್ಣದ ಎಲೆ. ಕೆಳಗೆ ನೋಡಿದರೆ ಸಾಲು ಸಾಲಾಗಿ ಜನ ಅದೇ ಕಿತ್ತಳೆ ಎಲೆ ಬಿಡಿಸಿ ಹಾಕಿದ್ದಾರೆ. ಇವರಲ್ಲಿ ಎಷ್ಟು ಜನರ ಕಿಟಕಿಯಾಚೆ ಅಂಥ ಎಲೆ ಇದೆಯೋ ದೇವರೇ ಬಲ್ಲ. ಎಲ್ಲ ಎಲೆಗಳ ತೊಟ್ಟೂ ಒಂದೇ ಕಡೆ ಬಾಗಿದೆ!

ಪಾಪದ ಎಲೆಯ ಮೇಲೆ ನನಗೇನೂ ಸಿಟ್ಟಿಲ್ಲ. ಋತು ಅನ್ನೋದು ಪಾರ್ಸೆಲ್ ಹುಡುಗನ ಹಾಗೆ ಸ್ಫೂರ್ತಿಯನ್ನು ಹೊತ್ತು ತಂದು, ಬಾಗಿಲಲ್ಲಿಟ್ಟು, ಬೆಲ್ ಒತ್ತಿ ಹೋಗುತ್ತದೆ ಅನ್ನುವ ನಂಬಿಕೆ ಇದೆಯಲ್ಲ, ಅದು ನನ್ನ ತಲೆ ತಿನ್ನುತ್ತಿದೆ.

ನೀವು ನಗುತ್ತಿದ್ದೀರಿ, ಗೊತ್ತು. ಸೆಕೆಯಲ್ಲಿ ಇದೇ ಆನ್‌ಲೈನ್ ಗೋಡೆಯ ಮೇಲೆ 'ಕುಂಚದಲ್ಲೇ ಬಣ್ಣ ಒಣಗುತ್ತಿದೆ, ಮಳೆ ಬರಲಿ, ಶುರು ಮಾಡ್ತೀನಿ' ಅಂತ ಬರೆದವನು ನಾನೇ. ಮಳೆ ಬಂತು. 'ಕಾಗದ ಒಣಗುತ್ತಲೇ ಇಲ್ಲ, ಚಳಿ ಬರಲಿ' ಅಂದೆ. ಎರಡಕ್ಕೂ ನೀವೆಲ್ಲ ಧಾರಾಳವಾಗಿ ಹೃದಯ ಒತ್ತಿದ್ದಿರಿ. ಒಬ್ಬರಾದರೂ 'ಸುಮ್ನೆ ಕೂತು ಬಿಡಿಸಯ್ಯಾ' ಅನ್ನಬಾರದಿತ್ತಾ? ನಾಲ್ಕು ತಿಂಗಳು ಸ್ಕೆಚ್‌ಬುಕ್ ಇಸ್ತ್ರಿ ಬಟ್ಟೆಗಳ ಕೆಳಗೆ ಬಿದ್ದಿತ್ತು. ಆ ನಡುವೆ ನಾನೂ ಒಂದು ಹೊಸ ಬಣ್ಣದ ಡಬ್ಬಿ ಕೊಂಡೆ. ಅದರ ಪ್ಲಾಸ್ಟಿಕ್ಕೂ ಬಿಚ್ಚಿರಲಿಲ್ಲ. ಇರಲಿ.

ಕಳೆದ ವಾರ ಏನೋ ಬಿಲ್ ಹುಡುಕುತ್ತಾ ಮೇಜಿನ ಮುಂದೆ ಕೂತೆ. ಕಿಟಕಿ ಸರಳುಗಳ ನೆರಳು ಮೇಜು ದಾಟಿ ಗೋಡೆ ಹತ್ತಿತ್ತು. ಸೆಕೆಗಾಲದಲ್ಲಿ ಇದೇ ನೆರಳು ಮೇಜಿನ ಅಂಚು ದಾಟುತ್ತಿರಲಿಲ್ಲ. ಭೂಮಿ 23.5 ಡಿಗ್ರಿ ವಾಲಿಕೊಂಡು ಸುತ್ತುತ್ತದೆ, ಚಳಿಗಾಲದಲ್ಲಿ ಸೂರ್ಯ ತಗ್ಗಿನಲ್ಲೇ ಸಾಗುತ್ತಾನೆ, ನೆರಳು ಉದ್ದವಾಗುತ್ತದೆ. ಇದನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ, ಮೇಜಿನ ಮೇಲೆ ನೋಡಿರಲಿಲ್ಲ. ಇನ್ನೊಂದು ವಿಷಯ. ಅಲ್ಲೇ ಬಿದ್ದಿದ್ದ ಬಿಳಿ ಕಾಗದದ ಮೇಲೆ ಆ ನೆರಳು ಬೂದು ಬಣ್ಣದ್ದಾಗಿರಲಿಲ್ಲ. ನೀಲಿ! ನೇರ ಬಿಸಿಲು ಬೀಳದ ಜಾಗಕ್ಕೆ ಹೆಚ್ಚಾಗಿ ಆಕಾಶದ ಬೆಳಕೇ ತಲುಪುತ್ತದೆ, ಆಕಾಶ ನೀಲಿ, ಅಷ್ಟೇ. ಇಷ್ಟು ವರ್ಷ ನೆರಳು ಅಂದರೆ ಕಪ್ಪಿಗೆ ನೀರು ಬೆರೆಸಿ ಬಳಿಯುತ್ತಿದ್ದೆ. ನಾಚಿಕೆಯಾಯಿತು.

ಇದು ನನ್ನ ಕಣ್ಣಿಗೆ ಬಿದ್ದಿದ್ದು ಯಾಕೆ ಗೊತ್ತಾ? ಸೆಕೆಯಲ್ಲಿ, ಹಾಗೆ ಗೊಣಗುವ ಮುಂಚೆ, ಬೇಜಾರಿಗೆ ಇದೇ ಮೇಜನ್ನು ಏಳೆಂಟು ಸಲ ಬಿಡಿಸಿದ್ದೆ. ಕೆಟ್ಟದಾಗಿಯೇ ಬಿಡಿಸಿದ್ದೆ. ಆದರೆ ನೆರಳು ಎಲ್ಲಿ ನಿಲ್ಲುತ್ತಿತ್ತು ಅನ್ನೋದು ಕೈಗೆ ನೆನಪಿತ್ತು. ಋತು ಬದಲಾಗಿದ್ದು ಗೊತ್ತಾಗಬೇಕಾದರೆ ಹಳೇ ಋತುವಿನಲ್ಲಿ ಒಂದನ್ನಾದರೂ ನೆಟ್ಟಗೆ ನೋಡಿರಬೇಕು ಅಲ್ವಾ?

ಫ್ರಾನ್ಸಿನ ಚಿತ್ರಕಾರ ಕ್ಲಾಡ್ ಮೊನೆ ಸಾಹೇಬರು ಏನು ಮಾಡಿದರು ನೋಡಿ. 1890-91ರಲ್ಲಿ ಜಿವರ್ನಿ ಅನ್ನೋ ಹಳ್ಳಿಯ ತಮ್ಮ ಮನೆ ಪಕ್ಕದ ಹೊಲದಲ್ಲಿದ್ದ ಬಣವೆಗಳನ್ನೇ ಹಿಡಿದು ಕೂತರು. ಬಿಸಿಲಿನಲ್ಲಿ ಬಣವೆ, ಮಂಜಿನಲ್ಲಿ ಬಣವೆ, ಹಿಮದಲ್ಲಿ ಬಣವೆ. ಸುಮಾರು 25 ಚಿತ್ರ. ಹೊತ್ತಿಗೊಂದು ಕ್ಯಾನ್ವಾಸು ಇಟ್ಟುಕೊಂಡು, ಬೆಳಕು ಬದಲಾದ ಹಾಗೆ ಅದನ್ನಿಟ್ಟು ಇದನ್ನೆತ್ತಿಕೊಳ್ಳುತ್ತಿದ್ದರು. ಆ ಅಕ್ಟೋಬರಿನಲ್ಲಿ ಗೆಳೆಯನಿಗೆ ಬರೆದ ಪತ್ರದಲ್ಲಿ ಗೊಣಗಿದ್ದೂ ಉಂಟು, ಈ ಕಾಲದಲ್ಲಿ ಸೂರ್ಯ ಬೇಗ ಮುಳುಗಿಬಿಡುತ್ತಾನೆ, ಹಿಂದೆ ಓಡಿದರೂ ಸಿಗೋದಿಲ್ಲ ಅಂತ. ಅಂಥವರೇ ಗೊಣಗಿದ್ದಾರೆ ಅಂತ ಓದಿ ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ. ಆದರೆ ಅವರು ಗೊಣಗುತ್ತಲೂ ಬಿಡಿಸಿದರು, ನಾನು ಬರೀ ಗೊಣಗಿದೆ. ಬ್ರಿಟಿಷ್ ಚಿತ್ರಕಾರ ಡೇವಿಡ್ ಹಾಕ್ನಿ 2011ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಇಂಗ್ಲೆಂಡಿನ ಯಾರ್ಕ್‌ಷೈರಿನ ಒಂದೇ ಹಳ್ಳಿ ರಸ್ತೆಗೆ ಜನವರಿಯ ಚಳಿಯಿಂದ ಹಿಡಿದು ವಸಂತ ಮುಗಿಯೋವರೆಗೂ ಮತ್ತೆ ಮತ್ತೆ ಹೋಗಿ ಐಪ್ಯಾಡಿನಲ್ಲಿ ಚಿತ್ರ ಮಾಡಿದರು. ಅದೇ ರಸ್ತೆ, ಅದೇ ಮರಗಳು.

'ಹಾಗಾದರೆ ಹೊಸ ಬೆಳಕು, ಹೊಸ ಗಾಳಿ ಮನಸ್ಸಿಗೆ ಏನೂ ಮಾಡಲ್ವಾ?' ಅಂತ ಕೇಳುವವರಿದ್ದೀರಿ. ಮಾಡುತ್ತೆ, ಇಲ್ಲ ಅಂದವರಾರು? ತಿಂಗಳುಗಟ್ಟಲೆ ಮೋಡ ಕವಿದಿದ್ದು ಒಂದು ದಿನ ಬಿಸಿಲು ಬಂದರೆ ಯಾರಿಗಾದರೂ ಖುಷಿಯಾಗುತ್ತೆ. ಆದರೆ ಆ ಖುಷಿಯಲ್ಲಿ ಮೊದಲು ಬಟ್ಟೆ ಒಗೆಯೋಣ ಅನ್ನಿಸುತ್ತೆ, ಚಿತ್ರ ಬಿಡಿಸೋಣ ಅಂತಲ್ಲ. ನನ್ನ ಅನುಭವ ಹೇಳಿದೆ.

ಬಣ್ಣದವರಿಗೆ ಋತು ಕೊಡೋದು ಸ್ಫೂರ್ತಿಗಿಂತ ಜಾಸ್ತಿ ಕಾಟ. ತೇವದ ಗಾಳಿಯಲ್ಲಿ ನೀರುಬಣ್ಣದ ವಾಶ್, ಅಂದರೆ ತೆಳುವಾಗಿ ಹರಡುವ ಬಣ್ಣದ ಪದರ, ಹಾಕಿ ನೋಡಿ, ಕಾಯುತ್ತಾ ಕೂರಬೇಕು. ಒಣಗಿತು ಅಂದುಕೊಂಡು ಎರಡನೇ ಸಲ ಕುಂಚ ಇಟ್ಟಿರೋ, ನೀರು ಹಳೇ ಬಣ್ಣವನ್ನು ತಳ್ಳಿಕೊಂಡು ಹೋಗಿ ಸುತ್ತ ಗರಗಸದ ಹಲ್ಲಿನಂಥ ಕಲೆ ಬಿಡುತ್ತೆ. ಒಣ ಗಾಳಿಯಲ್ಲಿ ಇದರ ಉಲ್ಟಾ, ಈ ತುದಿಯಿಂದ ಆ ತುದಿಗೆ ಹೋಗೋಷ್ಟರಲ್ಲಿ ಅಂಚು ಒಣಗಿ ಗೆರೆ ಕೂತಿರುತ್ತೆ. ಪ್ರತಿ ಸಲ ಕೈ ಹೊಸದಾಗಿ ಕಲಿಯಬೇಕು. ನನ್ನನ್ನು ಮತ್ತೆ ಮೇಜಿಗೆ ಎಳೆದಿದ್ದು ಈ ಕಾಟವೇ ಅಂದರೆ ನಂಬುತ್ತೀರಾ? ಸೆಕೆಯಲ್ಲಿ ಗೊತ್ತಿದ್ದ ಲೆಕ್ಕ ಈಗ ನಡೆಯುತ್ತಿಲ್ಲ, ಅದಕ್ಕೇ ಹಟ ಬಂದಿದೆ. ಪಿಯಾನೋ ಗಿಯಾನೋ ಏನೂ ಬೇಕಾಗಲಿಲ್ಲ.

ಇವತ್ತು ಆ ವಿಡಿಯೋ ಮುಚ್ಚಿ, ಹೊಸ ಡಬ್ಬಿಯನ್ನು ಬದಿಗೆ ಸರಿಸಿ, ಹಳೇ ಪ್ಯಾಲೆಟ್ಟಿನಲ್ಲಿ ಗಟ್ಟಿಯಾಗಿದ್ದ ಅಲ್ಟ್ರಾಮರೀನ್ ನೀಲಿ ನೆನೆಸಿದೆ. ಸರಳುಗಳ ನೆರಳು ಬಿಡಿಸಲು ಕೂತೆ. ನಾಲ್ಕನೇ ಸರಳಿಗೆ ಬರುವಷ್ಟರಲ್ಲಿ ನೆರಳು ಎರಡು ಬೆರಳಷ್ಟು ಪಕ್ಕಕ್ಕೆ ಸರಿದಿತ್ತು. ಹಾಗಾಗಿ ನನ್ನ ಕಿಟಕಿಗೆ ಈಗ ಮೂರು ಸರಳು ನೆಟ್ಟಗಿವೆ, ಒಂದು ಮಾತ್ರ ಕಳ್ಳ ನುಗ್ಗಿ ಬಗ್ಗಿಸಿದ ಹಾಗಿದೆ. ಚಿತ್ರ ಹಾಕೋದಿಲ್ಲ, ಕೇಳಬೇಡಿ. ನಾಳೆ ಇನ್ನೂ ಹತ್ತು ನಿಮಿಷ ಮುಂಚೆ ಕೂರಬೇಕು.